ಹಳೇ ಪಾಲುಪಟ್ಟಿಯಲ್ಲಿ ‘ಜಾಳಿಗೆ’ ಅಂತಿದೆ. ಅದು ಜೋಳಿಗೆನಾ?

ಹಳೇಪೆಟ್ಟಿಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆಗೆ ಸುಣ್ಣ ಬಳಿಸೋಣ ಅಂತ ಅಟ್ಟ ಖಾಲಿ ಮಾಡುವಾಗ ಒಂದು ಟ್ರಂಕಿನಲ್ಲಿ ಮುತ್ತಜ್ಜನ ಕಾಲದ ಪಾಲುಪಟ್ಟಿಯ ನಕಲು ಸಿಕ್ಕಿತು. ಅಣ್ಣತಮ್ಮಂದಿರು ಬೇರೆಯಾದಾಗ ಯಾರಿಗೆ ಏನು ಅಂತ ಬರೆದುಕೊಂಡದ್ದು. ಇಸವಿ 1936. ಹೊಲ, ತೆಂಗಿನ ಮರ, ಬಾವಿಯಲ್ಲಿ ಅರ್ಧ ಹಕ್ಕು, ಇದೆಲ್ಲ ಅರ್ಥವಾಯಿತು. ಆಮೇಲೆ ಪಾತ್ರೆ ಪಗಡೆಯ ಪಟ್ಟಿ ಶುರು. ಅದರಲ್ಲಿ ಒಂದು ಸಾಲು ಹೀಗಿದೆ:

“ಗೋಣಿ 6, ಹಸುಬೆ 2, ಸಂಚಿ 1, ಹಮ್ಮಿಣಿ 1, ಜಾಳಿಗೆ 1 ಇದ್ದದ್ದು ಸಮೇತ.”

ಗೋಣಿ ಗೊತ್ತು. ಸಂಚಿ ಅಂದರೆ ಅಜ್ಜಿಯ ಎಲೆಅಡಿಕೆ ಚೀಲ, ಅದೂ ಗೊತ್ತು. ಹಸುಬೆ, ಹಮ್ಮಿಣಿ ಅಂದಾಜಿಗೂ ಸಿಗಲಿಲ್ಲ. ‘ಜಾಳಿಗೆ’ ಮಾತ್ರ ಬರೆದವರ ಕೈತಪ್ಪು, ‘ಜೋಳಿಗೆ’ ಇರಬೇಕು ಅಂದುಕೊಂಡೆ. ನಮ್ಮಣ್ಣನಿಗೆ ಫೋಟೋ ಕಳಿಸಿದರೆ, “ಅಂದರೆ ನಾವು ಭಿಕ್ಷೆ ಎತ್ತುತ್ತಿದ್ದ ಮನೆತನ, ಜೋಳಿಗೆಯನ್ನೂ ಪಾಲು ಮಾಡಿಕೊಂಡಿದ್ದಾರೆ ನೋಡು” ಅಂತ ಮನೆಯವರ ಗ್ರೂಪಿನಲ್ಲಿ ಹಾಕಿ ನಗಾಡಿಬಿಟ್ಟ. ಈಗ ಅತ್ತೆಯಂದಿರೆಲ್ಲ ಸಿಟ್ಟಾಗಿದ್ದಾರೆ. ದಯವಿಟ್ಟು ಯಾರಾದರೂ ಸರಿಯಾಗಿ ಹೇಳಿ. ನಮ್ಮದು ಹಾಸನದ ಕಡೆ.

ಕೆಂಪುಮಣ್ಣು ಬರೆದದ್ದು:

ಜೋಳಿಗೆನೇ ಇರಬೇಕು ಬಿಡಿ. ಹಳೇ ಕೈಬರಹದಲ್ಲಿ ಜಾ, ಜೋ ಎರಡೂ ಒಂದೇ ಥರ ಕಾಣುತ್ತವೆ. ಮತ್ತೆ ಜೋಳಿಗೆ ಅಂದರೆ ಭಿಕ್ಷೆನೇ ಆಗಬೇಕಾಗಿಲ್ಲ. ನಮ್ಮ ಕಡೆ ಮಗುವನ್ನು ಮಲಗಿಸಲು ಸೀರೆ ಕಟ್ಟಿ ತೂಗುತ್ತೇವಲ್ಲ, ಅದನ್ನೂ ಜೋಳಿಗೆ ಅನ್ನುತ್ತಾರೆ, ಜೋಲಿ ಅಂತಲೂ ಅನ್ನುತ್ತಾರೆ. ಜೋತು ಬಿದ್ದದ್ದೆಲ್ಲ ಜೋಲಿ. “ಇದ್ದದ್ದು ಸಮೇತ” ಅಂದರೆ ಮಗು ಸಮೇತ ಅಂತ ಇರಬಹುದು ಹ್ಹಹ್ಹ.

ಬಿಳಿಜೋಳ ಬರೆದದ್ದು:

ಇಲ್ಲ, ಕೈತಪ್ಪಲ್ಲ. ಜಾಳಿಗೆ ಬೇರೆ, ಜೋಳಿಗೆ ಬೇರೆ. ಒಂದು ಸ್ವರದಲ್ಲಿ ಸಾಹುಕಾರ ಭಿಕ್ಷುಕ ಆಗಿಬಿಡುತ್ತಾನೆ, ನಿಮ್ಮಣ್ಣ ಮಾಡಿದ್ದು ಅದೇ.

ಜಾಳಿಗೆ ಅಂದರೆ ಬಲೆಯ ಹಾಗೆ ಹೆಣೆದ ಚೀಲ. ಹಳೆಗನ್ನಡ, ನಡುಗನ್ನಡ ಕಾವ್ಯಗಳಲ್ಲಿ ಹೊನ್ನಿನ ಜಾಳಿಗೆ ಬರುತ್ತದೆ, ಅಂದರೆ ನಾಣ್ಯ ತುಂಬಿದ ಚೀಲ. ಕಿಟೆಲ್ ನಿಘಂಟು ಮನೆಯಲ್ಲಿದ್ದರೆ ತೆಗೆದು ನೋಡಿ, ಬಲೆ ಅಂತಲೂ ಇದೆ, ಹಣದ ಚೀಲ ಅಂತಲೂ ಇದೆ. ಸಂಸ್ಕೃತದ ಜಾಲ, ಜಾಲಿಕಾದಿಂದ ಬಂದದ್ದು. ಅದೇ ಜಾಲ ಇವತ್ತು ಅಂತರ್ಜಾಲ, ಜಾಲತಾಣ ಎಲ್ಲ ಆಗಿದೆ. ಗೋಡೆಯಲ್ಲಿ ಗಾಳಿ ಬರಲಿ ಅಂತ ಬಿಡುವ ಜಾಳಂದ್ರವೂ ಅದೇ ಬಳಗ. ಬೇಲೂರಿನ ಗುಡಿಯ ಗೋಡೆಯಲ್ಲಿ ತೂತು ತೂತಾಗಿ ಕೊರೆದ ಕಲ್ಲಿನ ಹಲಗೆಗಳಿವೆ ನೋಡಿ, ಅವಕ್ಕೂ ಜಾಲಂಧ್ರ ಅಂತಲೇ ಹೆಸರು. ನೀವು ಹಾಸನದವರು, ಎಷ್ಟು ಸಲ ನೋಡಿರುತ್ತೀರೋ.

ನಾಣ್ಯಕ್ಕೆ ಬಲೆ ಚೀಲ ಯಾಕೆ ಅಂತ ಕೇಳಬಹುದು. ಬೆಳ್ಳಿ ರೂಪಾಯಿ ಒಂದಕ್ಕೆ ಒಂದು ತೊಲ ತೂಕ, 11.66 ಗ್ರಾಂ. ನೂರು ರೂಪಾಯಿ ಅಂದರೆ ಒಂದು ಕೆ.ಜಿ. ಮೇಲೆ ನೂರಾ ಅರವತ್ತು ಗ್ರಾಂ ಚಿಲ್ಲರೆ. ಅಷ್ಟು ಭಾರಕ್ಕೆ ಬಟ್ಟೆ ಚೀಲ ಹೊಲಿಗೆಯಲ್ಲೇ ಬಿಟ್ಟುಕೊಳ್ಳುತ್ತದೆ. ಹುರಿ ದಾರದಲ್ಲಿ ಬಿಗಿಯಾಗಿ ಹೆಣೆದದ್ದು ಬಿಟ್ಟುಕೊಳ್ಳುವುದಿಲ್ಲ, ತುಂಬಿದಷ್ಟೂ ಹಿಗ್ಗುತ್ತದೆ. ನಾಣ್ಯವೂ ಹೆಚ್ಚುಕಡಿಮೆ 3 ಸೆಂ.ಮೀ. ಅಗಲ, ಕಣ್ಣು ಚಿಕ್ಕದಿದ್ದರೆ ಜಾರುವುದಿಲ್ಲ. ನಮ್ಮ ಧಾರವಾಡದ ಕಡೆ ಹಿರಿಯರು ಬಟ್ಟೆ ಚೆನ್ನಾಗಿಲ್ಲದಿದ್ದರೆ “ಜಾಳಜಾಳ ಆಗೇತಿ” ಅಂತಾರೆ, ಬೆಳಕಿಗೆ ಹಿಡಿದರೆ ಆಚೆ ಕಾಣಬೇಕು, ಅಂಥದ್ದು.

ಹಮ್ಮಿಣಿಯೂ ದುಡ್ಡಿನದೇ. ಸೊಂಟಕ್ಕೆ ಸುತ್ತಿ ಕಟ್ಟುವ ಉದ್ದನೆಯ ಚೀಲ. ಪಾರ್ಸಿಯ ಹಿಮ್ಯಾನ್ ಅನ್ನುವ ಮಾತು ತಿರುಗಿ ತಿರುಗಿ ನಮ್ಮಲ್ಲಿ ಹಮ್ಮಿಣಿ ಆಯಿತು. ಸಂತೆಗೆ, ಜಾತ್ರೆಗೆ, ಎತ್ತು ಕೊಳ್ಳಲು ಹೋಗುವಾಗ ಅಂಗಿಯ ಒಳಗೆ ಕಟ್ಟಿಕೊಂಡು ಹೋಗುತ್ತಿದ್ದರು. ಹಾಗಾಗಿ ನಿಮ್ಮ ಮುತ್ತಜ್ಜನ ಮನೆಯಲ್ಲಿ ಹಣ ಓಡಾಡುತ್ತಿತ್ತು ಅಂತಾಯಿತು. ಅತ್ತೆಯಂದಿರಿಗೆ ಹೇಳಿ.

ಹಸುಬೆ ಅಂದರೆ ನಡುವೆ ಬಾಯಿ ಇರುವ ಜೋಡಿ ಚೀಲ. ಎರಡೂ ತುದಿ ತುಂಬಿಸಿ ಹೆಗಲ ಮೇಲೆ ಹಾಕಿಕೊಂಡರೆ ಒಂದು ಎದೆಗೆ, ಒಂದು ಬೆನ್ನಿಗೆ. ಹಳೆಗನ್ನಡದಲ್ಲಿ ಪಸುಂಬೆ. ಪ ಹೋಗಿ ಹ ಬಂತು, ಪಾಲು ಹಾಲಾದ ಹಾಗೆ.

ಮೈಲುತುತ್ತ ಬರೆದದ್ದು:

ಬಿಳಿಜೋಳ ಅವರು ಹೇಳಿದ್ದು ಸರಿ. ನಾನು ಸುಮ್ನೆ ಇನ್ನೊಂದು ಮಾತು ಸೇರಿಸುತ್ತೇನೆ, ಕೊಟ್ಟೆ.

ಸಾಗರ, ಶಿರಸಿ ಕಡೆ ಅಂಗಡಿಯಲ್ಲಿ “ಒಂದು ಕೊಟ್ಟೆ ಕೊಡಿ” ಅಂದರೆ ಪ್ಲಾಸ್ಟಿಕ್ ಚೀಲ. ಬೆಂಗಳೂರಿಗೆ ಓದಲು ಬಂದ ಹೊಸದರಲ್ಲಿ ನಾನು ದಿನಸಿ ಅಂಗಡಿಯಲ್ಲಿ ಕೊಟ್ಟೆ ಕೇಳಿದೆ. ಅಂಗಡಿಯವನು “ಏನು ಕೊಟ್ರಿ?” ಅಂದ. “ಕೊಟ್ಟೆ” ಅಂದೆ. “ಎಷ್ಟು ಕೊಟ್ರಿ?” ಅಂದ. ದುಡ್ಡು ಕೊಟ್ಟೆ ಅಂತ ಜಗಳಕ್ಕೆ ಬಂದಿದ್ದೇನೆ ಅಂದುಕೊಂಡಿದ್ದ. ಹಿಂದೆ ನಿಂತಿದ್ದವರು “ಕವರ್ ಕೇಳ್ತಾ ಇದ್ದಾನೆ ಕಣ್ರೀ” ಅಂದಾಗ ನನಗೆ ಆಶ್ಚರ್ಯ, ಯಾಕೆಂದರೆ ಕವರ್ ಅಂದರೆ ಕಾಗದ ಹಾಕಿ ಅಂಚೆಗೆ ಹಾಕುವುದು ಅಂತಲೇ ನಾನು ತಿಳಿದಿದ್ದೆ.

ಆದರೆ ಕೊಟ್ಟೆ ಪ್ಲಾಸ್ಟಿಕ್ಕಿಗಿಂತ ಎಷ್ಟೋ ಹಳೆಯದು. ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಮಳೆಗಾಲದಲ್ಲಿ ಕೊಳೆ ರೋಗ ಬರುತ್ತದೆ. ಎಳೆಕಾಯಿ ನೀರು ಹಿಡಿದು ಕೊಳೆತು ಉದುರುತ್ತದೆ. ಮೈಲುತುತ್ತ, ಸುಣ್ಣ ಸೇರಿಸಿ ಹೊಡೆಯುವ ಔಷಧಿ ಬರುವ ಮೊದಲು ಉಳಿದದ್ದು ಒಂದೇ ದಾರಿ, ಮಳೆ ಬಲಿಯುವ ಮುಂಚೆ ಕೊನೆಗೆ ಕೊಟ್ಟೆ ಕಟ್ಟುವುದು. ಅಡಿಕೆ ಹಾಳೆಯಲ್ಲಿ ಕೊಡೆಯ ಹಾಗೆ ಮಾಡಿ, ಮರ ಹತ್ತಿ, ಒಂದು ಕಾಲು ಮರಕ್ಕೆ ಸಿಕ್ಕಿಸಿಕೊಂಡು, ಜಾರುವ ಕೊನೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಕಟ್ಟುತ್ತಿದ್ದರು. ಒಂದು ತೋಟಕ್ಕೆ ಸಾವಿರ ಮರ ಅಂದರೆ ಲೆಕ್ಕ ಹಾಕಿ. ನಾನು ನೋಡುವಾಗ ಹಾಳೆ ಹೋಗಿ ಪ್ಲಾಸ್ಟಿಕ್ ಬಂದಿತ್ತು. ಕೊನೆಗೆ ಕಟ್ಟುವ ಪ್ಲಾಸ್ಟಿಕ್ಕಿಗೂ ಕೊಟ್ಟೆ ಅಂದರು. ಆಮೇಲೆ ಪೇಟೆಯಿಂದ ಸಕ್ಕರೆ ತಂದ ಪ್ಲಾಸ್ಟಿಕ್ಕಿಗೂ ಕೊಟ್ಟೆ. ಸಾರಾಯಿಯೂ ಪ್ಲಾಸ್ಟಿಕ್ಕಿನಲ್ಲಿ ಬರುತ್ತಿದ್ದ ಕಾಲದಲ್ಲಿ ಅದು ಕೊಟ್ಟೆ ಸಾರಾಯಿ. 2007ರಲ್ಲಿ ಸಾರಾಯಿ ನಿಂತಿತು, ಹೆಸರು ಇನ್ನೂ ನಿಂತಿಲ್ಲ.

ಇತ್ತ ಕರಾವಳಿಗೆ ಇಳಿದರೆ ಹಲಸಿನ ಎಲೆ ಚುಚ್ಚಿ ಮಾಡಿದ ದೊನ್ನೆಯಂಥದ್ದಕ್ಕೆ ಕೊಟ್ಟೆ ಅನ್ನುತ್ತಾರೆ, ಅದರಲ್ಲಿ ಹಿಟ್ಟು ಹುಯ್ದು ಬೇಯಿಸಿದರೆ ಕೊಟ್ಟೆ ಕಡುಬು. ಎಲೆ, ಹಾಳೆ, ಪ್ಲಾಸ್ಟಿಕ್. ಏನರಲ್ಲಿ ಮಾಡಿದ್ದು ಅನ್ನುವುದು ಈ ಮಾತಿಗೆ ಲೆಕ್ಕವೇ ಇಲ್ಲ. ಸುತ್ತಿ ಮುಚ್ಚಿದರೆ ಸಾಕು.

ಪಡುಗಾಳಿ ಬರೆದದ್ದು:

ಕೊಟ್ಟೆ ಕಡುಬಿನ ಮಾತು ಬಂದ ಮೇಲೆ ಸುಮ್ಮನಿರಲು ಆಗುವುದಿಲ್ಲ. ಮಂಗಳೂರು ಕಡೆ ಪ್ಲಾಸ್ಟಿಕ್ ಚೀಲಕ್ಕೆ ತೊಟ್ಟೆ ಅನ್ನುತ್ತೇವೆ. ಕೊಟ್ಟೆ ನಮಗೆ ಕಡುಬಿಗೆ ಮಾತ್ರ.

ಹಳೇಪೆಟ್ಟಿಗೆಯವರೇ, ನಿಮ್ಮ ಪಾಲುಪಟ್ಟಿ ನಮ್ಮ ಊರಿನದ್ದಾಗಿದ್ದರೆ ಗೋಣಿಯ ಜಾಗದಲ್ಲಿ ಮುಡಿ ಇರುತ್ತಿತ್ತು. ಘಟ್ಟದ ಮೇಲಿನವರಿಗೆ ಮುಡಿ ಅಂದರೆ ತಲೆಕೂದಲು, ಹೂ ಮುಡಿಯುವುದು. ನಮಗೆ ಮುಡಿ ಅಂದರೆ ಅಕ್ಕಿ. ಬೈಹುಲ್ಲನ್ನು ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲಿನ ಹಗ್ಗದಲ್ಲಿ ಸುತ್ತ ಬಿಗಿಯುತ್ತಾ ಕೋಲಿನಲ್ಲಿ ಬಡಿಯುತ್ತಾ ಬಂದರೆ ಕೊನೆಗೆ ದೊಡ್ಡ ಚೆಂಡಿನ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ. ಉರುಳಿಸಿದರೂ ಒಂದು ಕಾಳು ಚೆಲ್ಲುವುದಿಲ್ಲ. ಚೀಲವೇ ಇಲ್ಲ, ಬರೀ ಕಟ್ಟು. ಕೂದಲನ್ನು ಸುತ್ತಿ ಕಟ್ಟಿದರೂ ಮುಡಿ, ಅಕ್ಕಿಯನ್ನು ಸುತ್ತಿ ಕಟ್ಟಿದರೂ ಮುಡಿ, ಅಷ್ಟೇ ವಿಷಯ. ಮೂರು ಕಳಸೆಗೆ ಒಂದು ಮುಡಿ, 42 ಸೇರು. ಗೇಣಿ ಕೊಡುತ್ತಿದ್ದದ್ದು ಮುಡಿಯ ಲೆಕ್ಕದಲ್ಲಿ, ಗದ್ದೆ ಎಷ್ಟು ದೊಡ್ಡದು ಅನ್ನುತ್ತಿದ್ದದ್ದೂ ಮುಡಿಯ ಲೆಕ್ಕದಲ್ಲಿ. ನನ್ನ ಅಜ್ಜಿಗೆ ಎಕರೆ ಹೇಳಿದರೆ ತಲೆಗೆ ಹೋಗುತ್ತಿರಲಿಲ್ಲ.

ಇನ್ನು ಬಲೆ. ಇಲ್ಲಿ ಯಾರೂ ಮೀನಿನ ಬಲೆಯ ಸುದ್ದಿ ಎತ್ತಲಿಲ್ಲ, ಕಡಲು ಕಾಣದವರು ಅಂತ ಕಾಣುತ್ತದೆ. ನಮ್ಮಲ್ಲಿ ಬರೀ ಬಲೆ ಅಂದರೆ “ಯಾವ ಬಲೆ?” ಅಂತ ಕೇಳುತ್ತಾರೆ. ಒಬ್ಬನೇ ಹೊಳೆಯಲ್ಲಿ ನಿಂತು ಎಸೆಯುವುದು ಬೀಸುಬಲೆ. ಮೀನು ಬಲೆಯ ಕಣ್ಣಿಗೆ ಕಿವಿರು ಸಿಕ್ಕಿಸಿಕೊಂಡು ನಿಲ್ಲುವುದು ಕಂತಬಲೆ. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದದ್ದು ರಂಪಣಿ. ಎರಡು ಕಡೆ ಹಗ್ಗ, ಒಂದೊಂದು ಕಡೆ ಐವತ್ತು ಜನ, ಎಳೆದವರಿಗೆಲ್ಲ ಮೀನಿನಲ್ಲಿ ಪಾಲು. ಶಾಲೆಗೆ ಚಕ್ಕರ್ ಹಾಕಿ ಹಗ್ಗ ಹಿಡಿದ ಹುಡುಗರಿಗೂ ನಾಲ್ಕು ಬಂಗುಡೆ ಸಿಗುತ್ತಿತ್ತು ಅಂತ ನನ್ನ ಮಾವ ಹೇಳುತ್ತಿದ್ದರು. 1970ರ ದಶಕದ ಕೊನೆಗೆ ಪರ್ಸೀನ್ ಬೋಟು ಬಂತು, ರಂಪಣಿ ಮೂಲೆಗೆ ಸೇರಿತು. ಈಗ ಉಳಿದಿರುವುದು ಚಿಕ್ಕ ಕೈರಂಪಣಿ.

ಈ ಪರ್ಸೀನ್ ಅನ್ನುವುದೇ ನಿಮ್ಮ ಪ್ರಶ್ನೆಗೆ ಉತ್ತರ. ಇಂಗ್ಲಿಷಿನಲ್ಲಿ ಪರ್ಸ್ ಅಂದರೆ ದುಡ್ಡಿನ ಚೀಲ ತಾನೇ? ಮೀನಿನ ಹಿಂಡಿನ ಸುತ್ತ ಬಲೆ ಇಳಿಸಿ, ಅಡಿಯಲ್ಲಿ ಬಳೆಗಳೊಳಗೆ ಹಾಯಿಸಿದ ಹಗ್ಗ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತದೆ, ಅಜ್ಜಿಯ ಸಂಚಿಯ ದಾರ ಎಳೆದ ಹಾಗೆ. ಬಲೆಯ ಹೆಸರು ಚೀಲಕ್ಕೆ ಹೋದದ್ದು ಜಾಳಿಗೆ, ಚೀಲದ ಹೆಸರು ಬಲೆಗೆ ಬಂದದ್ದು ಪರ್ಸೀನ್.

ಕೆಂಪುಮಣ್ಣು ಬರೆದದ್ದು:

ಸರಿ ಸರಿ, ಒಪ್ಪಿದೆ, ಜಾಳಿಗೆ ಬೇರೆ. ಪಡುಗಾಳಿಯವರು ಬಲೆಗೆ ಬಳೆ ಹಾಕಿದ್ದು ನೋಡಿ ಒಂದು ಡೌಟು. ಬಲೆ, ಬಳೆ ಎರಡೂ ಒಂದೇ ಮಾತಾ?

ಬಿಳಿಜೋಳ ಬರೆದದ್ದು:

ಅಲ್ಲ. ಲ ಮತ್ತು ಳ ನಮ್ಮಲ್ಲಿ ಸುಮ್ಮನೆ ಇಟ್ಟುಕೊಂಡಿರುವುದಲ್ಲ. ಬಳೆ ದುಂಡಗಿರುವುದು, ಬಳಸು ಅಂದರೆ ಸುತ್ತು ಹಾಕು, ಆ ಕಡೆಯದ್ದು. ಬಲೆ ಬೇರೆಯದ್ದೇ. ತಮಿಳಿನಲ್ಲೂ ಇವು ವಲೈ, ವಳೈ ಅಂತ ಬೇರೆ ಬೇರೆ ಉಳಿದಿವೆ.

ಬಲೆಯ ಮಾತು ಬಂತಲ್ಲ, ಜೇಡರ ಬಲೆಯನ್ನು ಒಮ್ಮೆ ಯೋಚಿಸಿ. ಹುಳದ ಹೆಸರು ಜೇಡ ಆದರೆ ಜೇಡನ ಬಲೆ ಆಗಬೇಕಿತ್ತು, ಜೇಡರ ಯಾಕೆ? ಜೇಡರು ಅಂದರೆ ನೇಕಾರರು. ವಚನಕಾರ ದಾಸಿಮಯ್ಯನನ್ನು ಜೇಡರ ದಾಸಿಮಯ್ಯ ಅನ್ನುವುದು ಅದಕ್ಕೇ, ಅವನು ಬಟ್ಟೆ ನೇಯುವವನು. ಮೂಲೆಯಲ್ಲಿ ಕೂತು ನೂಲು ತೆಗೆದು ನೇಯುವ ಹುಳವೂ ನೇಕಾರನೇ. ಮನೆ ಗುಡಿಸುವಾಗ ಪೊರಕೆಯಿಂದ ಎಳೆದು ಹಾಕುತ್ತೇವೆ, ಹೆಸರಿಟ್ಟವರು ಮಾತ್ರ ಅದರ ಕಸುಬು ನೋಡಿ ಮರ್ಯಾದೆ ಕೊಟ್ಟಿದ್ದಾರೆ.

ಸಿಕ್ಕು ಅನ್ನುವ ಮಾತೂ ಬಲೆಯದ್ದೇ ಅಂತ ನನಗೆ ಅನ್ನಿಸುತ್ತದೆ. ಕೂದಲು ಸಿಕ್ಕಾಯಿತು, ಮೀನು ಬಲೆಗೆ ಸಿಕ್ಕಿತು, ಕೆಲಸ ಸಿಕ್ಕಿತು. ನಮ್ಮ ಆಫೀಸು ನೋಡಿದರೆ ಮೂರಕ್ಕೂ ಒಂದೇ ಅರ್ಥ.

ಗಣಿತಮೇಷ್ಟ್ರು ಬರೆದದ್ದು:

ತಡವಾಗಿ ಬಂದೆ. ಸಂಚಿಯನ್ನು ಎಲ್ಲರೂ ದಾಟಿಕೊಂಡು ಹೋಗಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ತೆಲುಗಿನಲ್ಲಿ ಸಂಚಿ ಅಂದರೆ ಯಾವ ಚೀಲವಾದರೂ ಆಯಿತು, ತರಕಾರಿಯದ್ದೂ ಸಂಚಿಯೇ. ನಮ್ಮಲ್ಲಿ ಅದು ಎಲೆಅಡಿಕೆಗೆ ಅಂಟಿಕೊಂಡಿತು. ಹದಿಬದೆಯ ಧರ್ಮ ಬರೆದ ಸಂಚಿಯ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುವ ಕೆಲಸದಲ್ಲಿದ್ದವಳು. ಅವಳಿಗಿಂತ ಐನೂರು ವರ್ಷ ಹಿಂದೆ ಬಸವಣ್ಣನವರ ಜೊತೆ ಇದ್ದ ಹಡಪದ ಅಪ್ಪಣ್ಣ. ಹಡಪ ಅಂದರೂ ಎಲೆಅಡಿಕೆ ಚೀಲವೇ, ಹಳೆಯ ರೂಪ ಅಡಪ. ತಮಿಳಿನಲ್ಲಿ ಅಡೈಪ್ಪೈ, ಆ ಕೊನೆಯ ‘ಪೈ’ ಅಂದರೆ ಚೀಲ. ಆಮೇಲೆ ಅದೇ ಹಡಪ ಕ್ಷೌರದ ಕತ್ತಿ, ಕನ್ನಡಿ ಇಡುವ ಚೀಲಕ್ಕೂ ಹೆಸರಾಯಿತು. ಚೀಲ ಹಿಡಿಯುವುದು ಆಗ ಆಳಿನ ಕೆಲಸ ಅಲ್ಲ, ನಂಬಿಕೆಯ ಕೆಲಸ. ರಾಜ ಬಾಯಿಗೆ ಹಾಕಿಕೊಳ್ಳುವುದು ಯಾರ ಕೈಯಲ್ಲಿರುತ್ತದೋ ಅವನೇ ಹತ್ತಿರದವನು.

ಗೋಣಿಯಂತೂ ಪಾಣಿನಿಯ ವ್ಯಾಕರಣದಲ್ಲೇ ಇದೆ, ಚಿಕ್ಕ ಗೋಣಿಗೆ ಗೋಣೀತರಿ ಅಂತ ಹೇಗೆ ಆಗುತ್ತದೆ ಅಂತ ಒಂದು ಸೂತ್ರವೇ ಉಂಟು. ಇಂಗ್ಲಿಷರು ಗೋಣಿಯನ್ನು ಗನ್ನಿ ಮಾಡಿಕೊಂಡರು. ಈಗ ನಾವು ಅದನ್ನು ವಾಪಸು ತಂದು ಗನ್ನಿ ಬ್ಯಾಗ್ ಅನ್ನುತ್ತೇವೆ. ಕಲ್ಕತ್ತಾದ ಹತ್ತಿರ ರಿಷ್ರಾದಲ್ಲಿ ಮೊದಲ ಸೆಣಬಿನ ಗಿರಣಿ ಶುರುವಾದದ್ದು 1855ರಲ್ಲಿ. ಗೋಣಿ ಅದಕ್ಕಿಂತ ಎರಡು ಸಾವಿರ ವರ್ಷ ಹಳೆಯದು.

ನನಗೆ ಎಲ್ಲಕ್ಕಿಂತ ಇಷ್ಟದ್ದು ಜೇಬು. ಹತ್ತನೇ ತರಗತಿಯಲ್ಲಿ ಸೈನ್, ಕಾಸ್ ಅಂತ ಮಕ್ಕಳಿಗೆ ಹೇಳುವಾಗ ನಾನು ಮೊದಲು ಜೇಬಿಗೆ ಕೈ ಹಾಕಿ ತೋರಿಸುತ್ತೇನೆ. ಆರ್ಯಭಟನ ಲೆಕ್ಕದಲ್ಲಿ ಅದು ಜ್ಯಾ, ಬಿಲ್ಲಿನ ಹೆದೆ. ಜೀವಾ ಅಂತಲೂ ಹೇಳುತ್ತಿದ್ದರು. ಅರಬರು ಅದನ್ನು ಕೇಳಿದ ಹಾಗೆ ಬರೆದುಕೊಂಡರು. ಅವರ ಬರವಣಿಗೆಯಲ್ಲಿ ಗಿಡ್ಡ ಸ್ವರ ಬರೆಯುವುದಿಲ್ಲ, ಒಂದೇ ಬರಹವನ್ನು ಬೇರೆ ಬೇರೆ ಥರ ಓದಬಹುದು. ಮುಂದೆ ಓದಿದವರು ಅದನ್ನು ಜೈಬ್ ಅಂತ ಓದಿದರು, ಯಾಕೆಂದರೆ ಆ ಮಾತು ಅವರ ಭಾಷೆಯಲ್ಲಿ ಮೊದಲೇ ಇತ್ತು, ಅಂಗಿಯ ಎದೆಯ ಮಡಿಕೆ ಅಂತ. 12ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ತಂದವರು ಎದೆಯ ಮಡಿಕೆಗೆ ತಮ್ಮ ಮಾತು ಸೈನಸ್ ಅಂತ ಹಾಕಿದರು. ಅಲ್ಲಿಂದ ಸೈನ್. ಅತ್ತ ಜೈಬ್ ನಮ್ಮ ಕಡೆ ಬಂದು ಜೇಬಾಯಿತು. ಮಡಿಕೆಯಲ್ಲಿ ಸಾಮಾನು ಇಟ್ಟುಕೊಳ್ಳುವುದು ನಮಗೇನು ಹೊಸದಾ? ಉಡಿ ತುಂಬುವುದು, ಮಡಿಲಕ್ಕಿ ಕಟ್ಟುವುದು ಎಲ್ಲ ಅದೇ. ಚೀಲ ಇಲ್ಲದವರ ಚೀಲ.

ಬಿಳಿಜೋಳ ಬರೆದದ್ದು:

ಮೇಷ್ಟ್ರೇ, ನಮ್ಮ ಕಡೆ ಜೇಬು ಅನ್ನುವುದಿಲ್ಲ. ಕಿಸೆ, ಇಲ್ಲ ಬಕ್ಕಣ. ಬೊಕ್ಕಣ ಅಂತ ನಿಘಂಟಿನಲ್ಲಿ ಹುಡುಕಿ, ಕುದುರೆಯ ಮುಸುಡಿಗೆ ಹುರುಳಿ ತುಂಬಿ ಕಟ್ಟುವ ಚೀಲ ಅಂತಿದೆ. ಅದರ ಪಕ್ಕದಲ್ಲೇ ಬೊಕ್ಕಸ ಕೂತಿದೆ. ಒಂದೇ ಪುಟದಲ್ಲಿ ಕುದುರೆಯ ಮೇವು, ರಾಜನ ಖಜಾನೆ.

ಮತ್ತೆ ಚೀಲ ಅನ್ನುವುದನ್ನೇ ಯಾರೂ ಹೇಳಲಿಲ್ಲ. ರೈತರಿಗೆ ಚೀಲ ಅಂದರೆ ಸಾಮಾನಲ್ಲ, ತೂಕ. ಸಿಂಧನೂರು, ಗಂಗಾವತಿ ಕಡೆ ಭತ್ತದ ಚೀಲ 75 ಕೆ.ಜಿ. ಕೊಡಗಿನ ಕಾಫಿ ಚೀಲ 50. ನನ್ನ ಷಡ್ಡಕ ಮಡಿಕೇರಿಯವರು, ನಾನು ಭತ್ತದವನು, ಇಬ್ಬರೂ ಒಂದು ಮದುವೆಯಲ್ಲಿ ಅರ್ಧ ಗಂಟೆ ಚೀಲದ ರೇಟು ಹೇಳಿಕೊಂಡು ನಕ್ಕಿದ್ದೇವೆ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹತ್ತಿರಲಿಲ್ಲ. ಹತ್ತಿಗಂತೂ ಚೀಲ ಸಾಲದು, ಅಂಡಿಗೆ ಬೇಕು. ಆಳು ಒಳಗಿಳಿದು ತುಳಿದು ತುಂಬುತ್ತಾನೆ, ಅವನು ಮೇಲೆ ಬರುತ್ತಾ ಬಂದ ಹಾಗೆ ಅಂಡಿಗೆ ತುಂಬುತ್ತಾ ಬಂತು ಅಂತ ಲೆಕ್ಕ.

ಹಳೇಪೆಟ್ಟಿಗೆ ಬರೆದದ್ದು:

ಅಬ್ಬಾ, ಇಷ್ಟೊಂದು ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಬಿಳಿಜೋಳ ಅವರು ಬರೆದದ್ದನ್ನು ಅತ್ತೆಯಂದಿರಿಗೆ ಓದಿ ಹೇಳಿದೆ, ಸಮಾಧಾನವಾಯಿತು. ದೊಡ್ಡತ್ತೆ ಈಗ “ನಾವು ಹೊನ್ನಿನ ಜಾಳಿಗೆಯವರು” ಅಂತ ಶುರು ಮಾಡಿದ್ದಾರೆ, ಇದು ಇನ್ನೊಂದು ಕಷ್ಟ.

ಅಮ್ಮನಿಗೂ ಹೇಳಿದೆ. ಅವಳು ಅಡುಗೆಮನೆಯಲ್ಲಿ ಒಂದು ಕವರಿನೊಳಗೆ ಮೂವತ್ತು ಕವರು ತುರುಕುತ್ತಾ ಕೇಳಿಸಿಕೊಂಡಳು. “ದಾರದಲ್ಲಿ ಹೆಣೆದದ್ದಾ? ಬಾಯಿಗೆ ಕೆಂಪು ಹುರಿ ಇರುತ್ತಾ?” ಅಂದಳು. ನನಗೇನು ಗೊತ್ತು ಅಂದೆ. ಒಲೆಯ ಮೇಲುಗಡೆ ಮೊಳೆ ತೋರಿಸಿದಳು. ಬೆಳ್ಳುಳ್ಳಿ ತೂಗುಹಾಕಿರುವ ಬಲೆ ಚೀಲ. ಹೊಗೆ ಹಿಡಿದು ಕಪ್ಪಗಾಗಿದೆ, ಹುರಿ ಮಾತ್ರ ಒಂದು ಕಡೆ ಕೆಂಪು ಕಾಣುತ್ತದೆ. ಅವಳು ಮದುವೆಯಾಗಿ ಬಂದಾಗಿನಿಂದ ಅದು ಅಲ್ಲೇ ಇದೆಯಂತೆ. ಅಜ್ಜಿ ಅದರಲ್ಲಿ ಬೆಳ್ಳುಳ್ಳಿ ಇಡುತ್ತಿದ್ದಳು, ಇವಳೂ ಇಟ್ಟಳು. ಹೆಣಿಗೆ ಎಷ್ಟು ಬಿಗಿ ಅಂದರೆ ಒಂದು ರೂಪಾಯಿ ನಾಣ್ಯ ತೂರಿಸಿ ನೋಡಿದೆ, ಹೋಗಲಿಲ್ಲ.

ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಅಣ್ಣನಿಂದ ಎರಡು ನಿಮಿಷಕ್ಕೆ ಉತ್ತರ ಬಂತು: “ಜಾಳಿಗೆ ಸರಿ. ಇದ್ದದ್ದು ಎಲ್ಲಿ?”